ಕಾಲು ಮುರಿದರೆ ಅದು ಗಂಭೀರ ಅಲ್ವಂತೆ

ನಮ್ಮ ಭಾವನ ಬಲಗಾಲಿನಲ್ಲಿ ಈಗ ಒಂದು ರಾಡ್ ಇದೆ. ಮೊಣಕಾಲಿನ ಕೆಳಗಿನಿಂದ ಹಿಮ್ಮಡಿಯ ಹತ್ತಿರದವರೆಗೆ. ಅದು ಅಲ್ಲಿ ಸೇರಲು ಕಾರಣ ಮೆಕ್ಕೆಜೋಳ.

ದಾವಣಗೆರೆ ಸೀಮೆಯಲ್ಲಿ ಸುಗ್ಗಿ ಹೊತ್ತಿಗೆ ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣಗಿಸಲು ಕಣ ಸಾಲದೆ ಡಾಂಬರು ರಸ್ತೆಯ ಅರ್ಧಕ್ಕೆ ಕಾಳು ಹರವಿರುತ್ತಾರೆ. ಅಂಚಿಗೆ ಕಲ್ಲುಗಳ ಸಾಲು. ಹಗಲು ಹೊತ್ತು ಕಾಣುತ್ತದೆ, ಬದಿಗೆ ಸರಿದು ಹೋಗಬಹುದು. ಭಾವ ಜಗಳೂರು ಕಡೆಯಿಂದ ವಾಪಸ್ ಬರುವಾಗ ಕತ್ತಲಾಗಿತ್ತು. ಎದುರಿಗೆ ಬಂದ ಲಾರಿಯ ಲೈಟ್ ಕಣ್ಣಿಗೆ ಹೊಡೆಯಿತು. ಎಡಕ್ಕೆ ಎಳೆದರು. ಮುಂದಿನ ಚಕ್ರ ಕಾಳಿನ ಮೇಲೆ ಹತ್ತಿತು. ಗೋಲಿಗಳ ಮೇಲೆ ಕಾಲಿಟ್ಟ ಹಾಗಾಯಿತಂತೆ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಲಾರಿ ನಿಲ್ಲಲಿಲ್ಲ. ನಿಲ್ಲುವ ಕಾರಣವೂ ಇರಲಿಲ್ಲ, ಅದು ತಾಗಿರಲೇ ಇಲ್ಲವಲ್ಲ.

ಭಾವನದು ಬೈಕಿನ ಮೇಲಿನ ಬದುಕು. ದಾವಣಗೆರೆ, ಜಗಳೂರು, ಚಳ್ಳಕೆರೆ, ಹೊಳಲ್ಕೆರೆ ಸುತ್ತಿ ಅಂಗಡಿಗಳಿಂದ ಸ್ಪೇರ್ ಪಾರ್ಟ್ಸ್ ಆರ್ಡರ್ ತರುತ್ತಾರೆ. ತಂದಷ್ಟಕ್ಕೆ ಕಮಿಷನ್. ಎರಡು ವರ್ಷದ ಹಿಂದೆ ಪರಿಚಯದ ಏಜೆಂಟರೊಬ್ಬರು ಮನೆಗೆ ಬಂದು, ‘ನೀವು ದಿನಾ ಹೈವೇ ಮೇಲೆ ಇರೋರು ಸಾರ್, ಕ್ರಿಟಿಕಲ್ ಇಲ್ನೆಸ್ ಬೇಕೇ ಬೇಕು. ಗಂಭೀರವಾಗಿ ಏನಾದ್ರೂ ಆದ್ರೆ ಒಂದೇ ಸಲ ಹತ್ತು ಲಕ್ಷ ಕೈಗೆ ಬರುತ್ತೆ’ ಅಂದರು. ಭಾವ ಸಹಿ ಹಾಕಿದರು. ಬಿದ್ದ ಮೇಲೆ ಕಾಗದಪತ್ರ ಎಲ್ಲ ಜೋಡಿಸಿ ಕ್ಲೇಮ್ ಹಾಕಿದ್ದು ನಾನೇ. ಉತ್ತರ ಬಂದದ್ದು ಎರಡೇ ಸಾಲು. ಮೂಳೆ ಮುರಿತ ಪಾಲಿಸಿಯ ಪಟ್ಟಿಯಲ್ಲಿ ಇಲ್ಲ.

‘ಅಲ್ಲಪ್ಪಾ, ಮೂರೂವರೆ ತಿಂಗಳು ಮಂಚ ಬಿಟ್ಟು ಎದ್ದಿಲ್ಲ ನಾನು. ಇದು ಗಂಭೀರ ಅಲ್ವೇನೋ?’ ಅಂದರು ಭಾವ.

ಅಲ್ಲ. ಪಾಲಿಸಿಯ ಲೆಕ್ಕದಲ್ಲಿ ಅಲ್ಲ. ಇಲ್ಲಿ ಕಂಪನಿ ಮೋಸ ಮಾಡಿಲ್ಲ. ಏಜೆಂಟರು ಸುಳ್ಳನ್ನೂ ಹೇಳಿಲ್ಲ, ಅರ್ಧ ಮಾತ್ರ ಹೇಳಿದರು.

ಕ್ರಿಟಿಕಲ್ ಇಲ್ನೆಸ್ ಪಾಲಿಸಿ ಆಸ್ಪತ್ರೆ ಬಿಲ್ ಕಟ್ಟುವ ಪಾಲಿಸಿ ಅಲ್ಲ. ಅದೊಂದು ಪಟ್ಟಿ. ಪಟ್ಟಿಯಲ್ಲಿರುವ ಕಾಯಿಲೆ, ಅಲ್ಲಿ ಬರೆದಷ್ಟೇ ತೀವ್ರತೆಯಲ್ಲಿ ಬಂದರೆ ಪೂರ್ತಿ ಮೊತ್ತ ಕೈಗೆ. ಬಿಲ್ ಎಷ್ಟಾಯಿತು ಅಂತ ಯಾರೂ ಕೇಳುವುದಿಲ್ಲ. ಆ ತೀವ್ರತೆಗಿಂತ ಒಂದು ಗುಲಗಂಜಿ ಕಡಿಮೆಯಾದರೂ ಸೊನ್ನೆ. ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಬೈಪಾಸ್, ಡಯಾಲಿಸಿಸ್ ಬೇಕಾಗುವ ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಅಂಗಾಂಗ ಕಸಿ ಇವೆಲ್ಲ ಹೆಚ್ಚುಕಮ್ಮಿ ಎಲ್ಲ ಪಟ್ಟಿಯಲ್ಲೂ ಇರುತ್ತವೆ. ಯಾವುದನ್ನು ಏನೆಂದು ಕರೆಯಬೇಕು ಅನ್ನುವ ವ್ಯಾಖ್ಯೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ರೀತಿ ಗೊತ್ತುಮಾಡಿದೆ. ಅದು ಒಳ್ಳೆಯದೇ. ತೊಂದರೆ ಏನೆಂದರೆ ಆ ವ್ಯಾಖ್ಯೆಗಳನ್ನು ಕೊಳ್ಳುವ ಮೊದಲು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ಭಾವನ ಪಕ್ಕ ಕೂತು ಓದಿದಾಗ ಬೈಕಿನಿಂದ ಬಿದ್ದವನಿಗೆ ತೆರೆಯಬಹುದಾದ ಬಾಗಿಲು ನಾಲ್ಕು ಕಂಡವು. ಒಂದೊಂದರ ಹೊಸ್ತಿಲೂ ಎಷ್ಟು ಎತ್ತರ ಅಂತ ನೋಡಿ.

ಕೋಮಾ. ಕರೆದರೂ ಚಿವುಟಿದರೂ ಪ್ರತಿಕ್ರಿಯೆ ಇಲ್ಲದ ಸ್ಥಿತಿ ಕನಿಷ್ಠ 96 ಗಂಟೆ ಸತತವಾಗಿ ಇರಬೇಕು. ಜೀವರಕ್ಷಕ ಯಂತ್ರದ ನೆರವು ಬೇಕಾಗಿರಬೇಕು. ಮೇಲೆ, ಕೋಮಾ ಶುರುವಾಗಿ ಕನಿಷ್ಠ 30 ದಿನ ಆದಮೇಲೆ ಪರೀಕ್ಷಿಸಿದಾಗ ನರಗಳಿಗೆ ಶಾಶ್ವತ ಹಾನಿ ಕಾಣಬೇಕು. ಮೂರು ದಿನ ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿ, ನಾಲ್ಕನೇ ದಿನ ಕಣ್ಣು ಬಿಟ್ಟು, ಹೆಂಡತಿಯ ಹೆಸರು ಹೇಳಿದರೆ ಮನೆಯವರಿಗೆ ದೇವರು ಕಣ್ಣು ಬಿಟ್ಟ ಹಾಗೆ. ಪಾಲಿಸಿಗೆ ಅದು ಕೋಮಾ ಅಲ್ಲ. ಕುಡಿದು ಬಂದ ಕೋಮಾ ಅಂತ ಸಾಬೀತಾದರಂತೂ ಕೇಳಲೇಬೇಡಿ.

ಕೈಕಾಲುಗಳ ಶಾಶ್ವತ ಪಾರ್ಶ್ವವಾಯು. ಮಿದುಳು ಅಥವಾ ಬೆನ್ನುಹುರಿಗೆ ಪೆಟ್ಟಾಗಿ ಎರಡು ಅಥವಾ ಹೆಚ್ಚು ಅವಯವಗಳ ಸ್ವಾಧೀನ ಪೂರ್ತಿ ಹೋಗಿರಬೇಕು. ಮೂರು ತಿಂಗಳು ದಾಟಿರಬೇಕು. ಇನ್ನು ಸರಿಹೋಗುವ ಆಸೆಯೇ ಇಲ್ಲ ಅಂತ ತಜ್ಞ ವೈದ್ಯರು ಬರೆದುಕೊಡಬೇಕು. ಬೈಕ್ ಅಪಘಾತದಲ್ಲಿ ಭುಜದ ಹತ್ತಿರದ ನರ ಹರಿದು ಒಂದು ಕೈ ಜೋತುಬೀಳುವುದು ಅಪರೂಪವೇನಲ್ಲ. ಅದು ಒಂದೇ ಕೈ. ಲೆಕ್ಕಕ್ಕೆ ಬರುವುದಿಲ್ಲ.

ಅವಯವ ಕಳೆದುಕೊಳ್ಳುವುದು. ಇಲ್ಲೂ ಎರಡು ಹೋಗಿರಬೇಕು. ಮಣಿಕಟ್ಟು ಅಥವಾ ಕಾಲಿನ ಗಿಣ್ಣಿನಿಂದ ಮೇಲಕ್ಕೆ ದೇಹದಿಂದ ಬೇರ್ಪಟ್ಟಿರಬೇಕು.

ನಾಲ್ಕನೆಯದು ತಲೆಗೆ ಭಾರಿ ಪೆಟ್ಟು. ನನ್ನ ಮಟ್ಟಿಗೆ ಬೈಕ್ ಓಡಿಸುವವರು ಮೊದಲು ಹುಡುಕಬೇಕಾದ ಸಾಲು ಇದೇ. ಪಟ್ಟಿ ಚಿಕ್ಕದಿದ್ದರೆ ಇದು ಇರುವುದೇ ಇಲ್ಲ. ಇದ್ದರೂ, ಅಪಘಾತವಾಗಿ ಮೂರು ತಿಂಗಳು ಕಳೆದ ಮೇಲೆ ಶಾಶ್ವತ ಹಾನಿ ಕಾಣಬೇಕು. ಜೊತೆಗೆ ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಓಡಾಟ, ಶೌಚ, ಊಟ ಈ ಆರರಲ್ಲಿ ಕನಿಷ್ಠ ಮೂರು ತಾನೇ ಮಾಡಿಕೊಳ್ಳಲು ಆಗದ ಸ್ಥಿತಿ ಮೂರು ತಿಂಗಳಾದರೂ ಇರಬೇಕು.

ಇದರಲ್ಲೇ ಒಂದು ಸೂಕ್ಷ್ಮ ಇದೆ. ಮಿದುಳಿನಲ್ಲಿ ರಕ್ತ ಸೋರಿ ಒಂದು ಬದಿ ಬಿದ್ದುಹೋದರೆ ಊರಿನವರು ಲಕ್ವಾ ಹೊಡೀತು ಅನ್ನುತ್ತಾರೆ. ಆ ರಕ್ತಸ್ರಾವ ಬಿಪಿಯಿಂದ ಆಗಿ, ಹಾನಿ ಮೂರು ತಿಂಗಳ ನಂತರವೂ ಉಳಿದರೆ ‘ಸ್ಟ್ರೋಕ್’ ಸಾಲಿನಲ್ಲಿ ಹಣ ಬರುತ್ತದೆ. ಅದೇ ರಕ್ತಸ್ರಾವ ತಲೆ ರಸ್ತೆಗೆ ಬಡಿದು ಆಗಿದ್ದರೆ ಆ ಸಾಲು ಅನ್ವಯಿಸುವುದಿಲ್ಲ. ಸ್ಟ್ರೋಕಿನ ವ್ಯಾಖ್ಯೆಯಲ್ಲೇ ಮಿದುಳಿನ ಪೆಟ್ಟನ್ನು ಹೊರಗಿಟ್ಟಿದ್ದಾರೆ. ಮಲಗಿರುವವನಿಗೆ ಎರಡೂ ಒಂದೇ. ಪಾಲಿಸಿಗೆ ಅಲ್ಲ.

ಎಲ್ಲದರಲ್ಲೂ ಬರುವ ಮಾತು ‘ಶಾಶ್ವತ’. ಬೈಕಿನಿಂದ ಬಿದ್ದ ಬಹುಪಾಲು ಜನಕ್ಕೆ ಆಗುವುದು ಶಾಶ್ವತ ಅಲ್ಲ. ಕಾಲಿಗೆ ರಾಡ್, ಕೈಗೆ ಪ್ಲೇಟ್, ಕಾಲರ್ ಬೋನ್ ಮುರಿತ, ಮೊಣಕಾಲಿನ ಲಿಗಮೆಂಟ್. ಸರಿಹೋಗುತ್ತದೆ, ಆದರೆ ಆರು ವಾರವೋ ಆರು ತಿಂಗಳೋ ಹಿಡಿಯುತ್ತದೆ. ಅಷ್ಟು ದಿನ ದುಡಿಮೆ ಇಲ್ಲ. ಭಾವನ ಆಪರೇಷನ್ ಬಿಲ್ ಬಹುತೇಕ ಮನೆಯವರ ಆರೋಗ್ಯ ವಿಮೆಯಲ್ಲಿ ಮುಗಿಯಿತು. ಮುಗಿಯದೇ ಉಳಿದದ್ದು ಮೂರೂವರೆ ತಿಂಗಳ ಕಮಿಷನ್, ಮಗನ ಸ್ಕೂಲ್ ಫೀಸು, ಸಂಘದ ಕಂತು. ಅಂದರೆ ಅವರ ನಷ್ಟದ ಅಳತೆ ವಾರಗಳಲ್ಲಿತ್ತು, ಕೈಯಲ್ಲಿದ್ದ ಪಾಲಿಸಿಯ ಅಳತೆ ಶಾಶ್ವತದಲ್ಲಿತ್ತು. ನನಗೆ ಇಲ್ಲಿ ಕಾಣುವ ತಪ್ಪು ಇದೊಂದೇ.

ಹಾಗಾದರೆ ಬೈಕಿನ ಇನ್ಶೂರೆನ್ಸ್ ಏನು ಮಾಡಿತು? ಇದು ಇನ್ನೂ ತಮಾಷೆ. ಹೆಡ್‌ಲೈಟ್, ಹ್ಯಾಂಡಲ್, ಮಡ್‌ಗಾರ್ಡ್‌ಗೆ ಹಣ ಬಂತು. ಕಾಲಿಗೆ ಬರಲಿಲ್ಲ.

ಥರ್ಡ್ ಪಾರ್ಟಿ ಅಂದರೆ ಹೆಸರೇ ಹೇಳುವ ಹಾಗೆ ನಿಮ್ಮಿಂದ ತೊಂದರೆಯಾದ ಮೂರನೆಯವರಿಗೆ. ಪೊಲೀಸರಿಗೆ ತೋರಿಸಲು ಅಂತಲೇ ಅದನ್ನು ಮಾಡಿಸುವವರು ಜಾಸ್ತಿ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಹಿಂದೆ ಕೂತ ಹೆಂಡತಿಗೂ ಅದರಲ್ಲಿ ರಕ್ಷಣೆ ಇಲ್ಲ. 2008ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಜನ ‘ಫುಲ್ ಇನ್ಶೂರೆನ್ಸ್’ ಅನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂದೆ ಕೂತವರು ಸೇರುತ್ತಾರೆ. ಇದನ್ನು ಓದುತ್ತಿರುವ ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ, ನನಗೆ ಗೊತ್ತಿರಲಿಲ್ಲ.

ಓಡಿಸುವವನಿಗೆ ಅಂತ ಇರುವುದು ಒಂದೇ. ಮಾಲೀಕ-ಚಾಲಕರ ಕಡ್ಡಾಯ ಅಪಘಾತ ವಿಮೆ. ಮೊದಲು ಬೈಕಿಗೆ ಬರೀ 1 ಲಕ್ಷ ಇತ್ತು. 2018ರ ಸೆಪ್ಟೆಂಬರಿನಲ್ಲಿ 15 ಲಕ್ಷಕ್ಕೆ ಏರಿಸಿ, ವರ್ಷಕ್ಕೆ 750 ರೂಪಾಯಿ ಕಂತು ಅಂತ ಗೊತ್ತುಮಾಡಿದರು. 2019ರ ಜನವರಿಯಿಂದ ಇದನ್ನು ಪ್ರತ್ಯೇಕವಾಗಿಯೂ ಕೊಳ್ಳಬಹುದು. ಸಾವಿಗೆ ಪೂರ್ತಿ ಮೊತ್ತ. ಎರಡು ಕೈ, ಎರಡು ಕಾಲು ಅಥವಾ ಎರಡು ಕಣ್ಣು ಹೋದರೂ, ಪೂರ್ತಿ ಶಾಶ್ವತ ಅಂಗವೈಕಲ್ಯ ಬಂದರೂ ಪೂರ್ತಿ. ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ಕ್ರಿಟಿಕಲ್ ಇಲ್ನೆಸ್ ಕಡೆಗಣಿಸಿದ ಆ ‘ಒಂದು’ ಇಲ್ಲಿ ಲೆಕ್ಕಕ್ಕಿದೆ. ಮುರಿತ ಮಾತ್ರ ಇಲ್ಲೂ ಇಲ್ಲ.

ಇದರ ಸುತ್ತ ಎರಡು ಗುಂಡಿಗಳಿವೆ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಮಾಡಿಸಬೇಕು. ಶೋರೂಮಿನಲ್ಲಿ ಕೊಟ್ಟ ಕಾಗದದಲ್ಲಿ ಐದು ವರ್ಷದ ತಾರೀಖು ನೋಡಿ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಅದೇ ಕಾಗದದ ಕೆಳಗೆ ಅಪಘಾತ ವಿಮೆ ಎಷ್ಟೋ ಸಲ ಒಂದೇ ವರ್ಷಕ್ಕೆ ಇರುತ್ತದೆ. ಎರಡನೇ ವರ್ಷ ಪೊಲೀಸ್ ಹಿಡಿದರೆ ದಂಡ ಇಲ್ಲ, ಬಿದ್ದರೆ ಹಣವೂ ಇಲ್ಲ.

ಇನ್ನೊಂದು ಗುಂಡಿಗೆ ಭಾವ ಬಿದ್ದೇ ಬಿಟ್ಟಿದ್ದರು. ಬೈಕ್ ಇರುವುದು ಅಕ್ಕನ ಹೆಸರಿನಲ್ಲಿ. ಸ್ತ್ರೀಶಕ್ತಿ ಸಂಘದಲ್ಲಿ ಅಕ್ಕ ಸಾಲ ತೆಗೆದು ಮುಂಗಡ ಕಟ್ಟಿದ್ದಳು, ಉಳಿದದ್ದಕ್ಕೆ ಬ್ಯಾಂಕ್ ಲೋನೂ ಅವಳ ಹೆಸರಲ್ಲೇ ಆಯಿತು. ಅಕ್ಕನಿಗೆ ಡಿಎಲ್ ಇಲ್ಲ. ಈ ವಿಮೆ ಸಿಗುವುದು ಆರ್‌ಸಿಯಲ್ಲಿ ಹೆಸರಿರುವ, ಡಿಎಲ್ ಇರುವ ಮಾಲೀಕನಿಗೆ, ಅವನೇ ಓಡಿಸುವಾಗ. ಅಕ್ಕ ಮಾಲೀಕಳು, ಚಾಲಕಿ ಅಲ್ಲ. ಭಾವ ಚಾಲಕ, ಮಾಲೀಕ ಅಲ್ಲ. ಇಬ್ಬರೂ ಹೊರಗೆ. ನಮ್ಮ ಕೆ.ಬಿ. ಬಡಾವಣೆಯಿಂದ ಹಿಡಿದು ಹಳ್ಳಿಗಳವರೆಗೆ ಅಪ್ಪನ ಹೆಸರಿನ ಬೈಕಿನಲ್ಲಿ ಮಗ, ಹೆಂಡತಿ ಹೆಸರಿನ ಬೈಕಿನಲ್ಲಿ ಗಂಡ ತಿರುಗುವುದು ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಮಾಲೀಕನಿಂದ ಬೈಕ್ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆ ಬೈಕಿನ ಪಾಲಿಸಿಗೆ ಅವನು ಥರ್ಡ್ ಪಾರ್ಟಿ ಅಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆ ದಾರಿಯೂ ಮುಚ್ಚಿದ ಹಾಗೆ.

ಸರ್ಕಾರದ ಕಡೆಯಿಂದ ಬರುವುದು ಚಿಕಿತ್ಸೆಯ ಖರ್ಚು. 2025ರ ಮೇ 5ರಂದು ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಪೊಲೀಸರ ದೃಢೀಕರಣ ಬೇಕು. ಹಾಗಾಗಿ ನಾವೇ ಬಿದ್ದಿದ್ದು, ಕೇಸ್ ಯಾಕೆ ಅಂತ ಸುಮ್ನೆ ಮನೆಗೆ ಹೋಗಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಉಳಿದವರಿಗೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು, ಗರಿಷ್ಠ 1.5 ಲಕ್ಷ. ಸುತ್ತಲ ಜಿಲ್ಲೆಗಳಿಂದ ದಾವಣಗೆರೆ ಆಸ್ಪತ್ರೆಗಳಿಗೇ ಜನ ಬರುವುದರಿಂದ ಈ ಸವಲತ್ತಿನ ಬಗ್ಗೆ ತಿಳಿದಿದ್ದರೆ ಒಳ್ಳೆಯದು. ಆದರೆ ಇವು ಯಾವುವೂ ಮನೆಯ ರೇಷನ್ ತರುವುದಿಲ್ಲ.

ರೇಷನ್ ತರುವ ಪಾಲಿಸಿ ಇದೆ. ಯಾರೂ ಅದನ್ನು ಮನೆಗೆ ಬಂದು ಮಾರುವುದಿಲ್ಲ, ಬಹುಶಃ ಕಮಿಷನ್ ಕಡಿಮೆ. ಅದು ವೈಯಕ್ತಿಕ ಅಪಘಾತ ವಿಮೆ. ಅದರಲ್ಲಿ ‘ತಾತ್ಕಾಲಿಕ ಸಂಪೂರ್ಣ ಅಸಾಮರ್ಥ್ಯ’ ಅನ್ನುವ ಸಾಲು ಇದೆಯಾ ಅಂತ ಕೇಳಬೇಕು. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಬೇಕು ಅಂತ 2021ರಲ್ಲಿ ಬಂದ ‘ಸರಳ ಸುರಕ್ಷಾ ಬಿಮಾ’ ನೋಡಿ. ಎರಡೂವರೆ ಲಕ್ಷದಿಂದ ಒಂದು ಕೋಟಿವರೆಗೆ ಮಾಡಿಸಬಹುದು. ಸಾವು, ಶಾಶ್ವತ ಅಂಗವೈಕಲ್ಯ ಮೂಲ ಪಾಲಿಸಿಯಲ್ಲೇ ಇವೆ. ಸ್ವಲ್ಪ ಹೆಚ್ಚು ಕಟ್ಟಿದರೆ, ಕೆಲಸಕ್ಕೆ ಹೋಗಲಾಗದ ಪ್ರತಿ ವಾರಕ್ಕೆ ಮೊತ್ತದ ಶೇಕಡಾ 0.2ರಂತೆ 100 ವಾರದವರೆಗೆ ಹಣ. ಅಪಘಾತದ ಆಸ್ಪತ್ರೆ ಖರ್ಚಿಗೆ ಮೊತ್ತದ ಶೇಕಡಾ 10ರವರೆಗೆ ಇನ್ನೊಂದು ಆಯ್ಕೆ. 10 ಲಕ್ಷದ ಪಾಲಿಸಿ ಇದ್ದಿದ್ದರೆ ಭಾವನಿಗೆ ವಾರಕ್ಕೆ 2,000 ರೂಪಾಯಿ, 15 ವಾರಕ್ಕೆ 30,000 ಬರುತ್ತಿತ್ತು. ದೊಡ್ಡ ದುಡ್ಡಲ್ಲ. 25 ಲಕ್ಷಕ್ಕೆ ಮಾಡಿಸಿದ್ದರೆ 75,000. ಕಮಿಷನ್ ಬಾರದ ದಿನಗಳಲ್ಲಿ ಅದೇ ಆಸರೆ. ಯಾರ ಹೆಸರಿನ ಬೈಕ್ ಅನ್ನುವ ಪ್ರಶ್ನೆಯೂ ಇಲ್ಲಿ ಏಳುವುದಿಲ್ಲ. ಬಸ್ಸಿನಿಂದ ಇಳಿಯುವಾಗ ಬಿದ್ದರೂ ಸರಿ.

ಈ ಕ್ಲೇಮಿಗೆ ಎಕ್ಸ್‌ರೇ, ಡಿಸ್ಚಾರ್ಜ್ ಸಮರಿ, ಇಷ್ಟು ದಿನ ವಿಶ್ರಾಂತಿ ಬೇಕು ಅನ್ನುವ ವೈದ್ಯರ ಚೀಟಿ ಬೇಕು. ನಮ್ಮಲ್ಲಿ ನಾಟಿ ಕಟ್ಟು ಹಾಕಿಸಿಕೊಳ್ಳುವವರು ಇನ್ನೂ ಇದ್ದಾರೆ. ಅದು ಅವರವರ ನಂಬಿಕೆ, ಆದರೆ ಬಿದಿರು ಪಟ್ಟಿಗೆ ಬಿಲ್ ಇರುವುದಿಲ್ಲ.

ಫುಡ್ ಡೆಲಿವರಿ, ಕೊರಿಯರ್ ಹುಡುಗರಿಗೆ ಒಂದು ಮಾತು. ಅರ್ಜಿಯಲ್ಲಿ ಉದ್ಯೋಗ ಅನ್ನುವ ಕಡೆ ನಿಜವನ್ನೇ ಬರೆಯಿರಿ. ಅಪಘಾತ ವಿಮೆಯ ಕಂತು ಉದ್ಯೋಗದ ಅಪಾಯ ನೋಡಿ ನಿಗದಿಯಾಗುತ್ತದೆ, ನಾಲ್ಕು ಕಾಸು ಉಳಿಸಲು ‘ಆಫೀಸ್ ಕೆಲಸ’ ಅಂತ ಬರೆದರೆ ಕ್ಲೇಮ್ ದಿನ ಅದೇ ಕೊರಳಿಗೆ ಸುತ್ತಿಕೊಳ್ಳುತ್ತದೆ. ಖಾಸಗಿ ಬೈಕಿನ ಪಾಲಿಸಿಯಲ್ಲೂ ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ಹೊರಗೆ ಅಂತಲೇ ಬರೆದಿರುತ್ತದೆ. ರಾಜ್ಯ ಸರ್ಕಾರ ಗಿಗ್ ಕಾರ್ಮಿಕರಿಗೆ ಅಂತ 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ ಘೋಷಿಸಿದೆ, ಹೆಸರು ನೋಂದಾಯಿಸಿರಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಂತೂ ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರಿಗಾದರೂ ಸಿಗುತ್ತದೆ. ಅಪಘಾತದಿಂದಾದ ಸಾವಿಗೆ, ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ.

ಇಷ್ಟೆಲ್ಲ ಹೇಳಿದ ಮೇಲೆ ಭಾವ ಕೇಳಿದ್ದು, ‘ಹಂಗಾದ್ರೆ ಆ ಹತ್ತು ಲಕ್ಷದ ಪಾಲಿಸಿ ಬಿಡ್ಲಾ?’

ಬಿಡಬೇಡಿ ಅಂದೆ. ಬೈಕ್ ಓಡಿಸುತ್ತೀರಿ ಅನ್ನುವುದಕ್ಕಲ್ಲ. ನಿಮಗೆ 44 ವರ್ಷ, ಬಿಪಿ ಇದೆ, ದುಡಿಯುವವರು ಒಬ್ಬರೇ ಅನ್ನುವುದಕ್ಕೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತ 1,68,491 ಜನರಲ್ಲಿ ಶೇಕಡಾ 44.5ರಷ್ಟು ದ್ವಿಚಕ್ರ ವಾಹನದವರು, ಆ ಭಯ ನಿಜ. ಆದರೆ ಕಿಡ್ನಿ ಕೈಕೊಡುವುದಕ್ಕೆ ಬೈಕ್ ಬೇಕಿಲ್ಲ. ಡಯಾಲಿಸಿಸ್ ಉಚಿತವಾಗಿ ಸಿಕ್ಕರೂ ವಾರಕ್ಕೆ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಕೂರುವವನು ಚಳ್ಳಕೆರೆ ಲೈನ್ ಸುತ್ತಲು ಆಗುವುದಿಲ್ಲ. ಬಿಲ್ ಕೇಳದೆ ಇಡಿಗಂಟು ಕೊಡುವ ಪಾಲಿಸಿಯ ಬೆಲೆ ಗೊತ್ತಾಗುವುದು ಆವಾಗ.

ಉಳಿಸಿಕೊಳ್ಳುವುದಾದರೆ ಅದರೊಳಗೇನಿದೆ ಅಂತ ತಿಳಿದಿರಬೇಕು. ಸಾಮಾನ್ಯವಾಗಿ ಮೊದಲ 90 ದಿನದಲ್ಲಿ ಬಂದ ಕಾಯಿಲೆಗೆ ಹಣವಿಲ್ಲ. ಕಾಯಿಲೆ ಪತ್ತೆಯಾದ ಮೇಲೆ ಇಷ್ಟು ದಿನ, ಎಷ್ಟೋ ಪಾಲಿಸಿಗಳಲ್ಲಿ 30 ದಿನ, ಬದುಕಿರಬೇಕು ಅನ್ನುವ ಷರತ್ತು ಇರುತ್ತದೆ. ಹಾರ್ಟ್ ಅಟ್ಯಾಕ್ ಆಗಿ ಇಪ್ಪತ್ತನೇ ದಿನ ತೀರಿಕೊಂಡರೆ ಅಂಥ ಪಾಲಿಸಿಯಿಂದ ಮನೆಯವರಿಗೆ ಏನೂ ಸಿಗುವುದಿಲ್ಲ. ಅದಕ್ಕೆ ಟರ್ಮ್ ಇನ್ಶೂರೆನ್ಸ್, ಅಂದರೆ ಸತ್ತರೆ ಮನೆಯವರಿಗೆ ಹಣ ಕೊಡುವ ಜೀವ ವಿಮೆ, ಬೇರೆ ಬೇಕು. ಬೈಪಾಸ್ ಅಂದರೆ ಎದೆ ತೆರೆದೋ ಕೀಹೋಲ್ ಮೂಲಕವೋ ಮಾಡುವ ಬೈಪಾಸ್ ಆಪರೇಷನ್ ಮಾತ್ರ, ಸ್ಟೆಂಟ್ ಹಾಕಿಸಿಕೊಂಡರೆ ಆ ಸಾಲಿನಲ್ಲಿ ಹಣ ಬರುವುದಿಲ್ಲ. ಟರ್ಮ್ ಪಾಲಿಸಿಗೆ ಅಂಟಿಸಿ ಕೊಡುವ ಕ್ರಿಟಿಕಲ್ ಇಲ್ನೆಸ್ ‘ರೈಡರ್’ ಕೂಡ ಇದೆ. (ವಿಮೆಯವರ ಭಾಷೆಯಲ್ಲಿ ರೈಡರ್ ಅಂದರೆ ಬೈಕ್ ಓಡಿಸುವವನಲ್ಲ, ಮುಖ್ಯ ಪಾಲಿಸಿಯ ಬೆನ್ನೇರಿ ಬರುವ ಚಿಕ್ಕ ಪಾಲಿಸಿ. ಭಾವ ಮೊದಲ ಸಲ ಇದನ್ನು ಕೇಳಿ ತಮಗೇ ಹೇಳಿದ್ದಾರೆ ಅಂದುಕೊಂಡಿದ್ದರು.) ಕೆಲವು ರೈಡರುಗಳಲ್ಲಿ ಕಾಯಿಲೆಗೆ ಕೊಟ್ಟ ಹಣ ಟರ್ಮ್ ಮೊತ್ತದಿಂದಲೇ ಕಡಿತವಾಗುತ್ತದೆ. ಕೇಳಿ ತಿಳಿದುಕೊಳ್ಳಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಗರಿಷ್ಠ 3 ವರ್ಷಕ್ಕೆ ಇಳಿದಿದೆ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮೂರು ವರ್ಷವಲ್ಲ, ಪಾಲಿಸಿಯೇ ಹೋಗಬಹುದು.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18 ಜಿಎಸ್‌ಟಿ ತೆಗೆದಿದ್ದಾರೆ. ಹಳೆಯ ರಸೀದಿ ಹಿಡಿದು ಹೊಸ ಕಂತಿನ ಲೆಕ್ಕ ಹಾಕಬೇಡಿ.

ಇನ್ನೊಂದು ಹಕ್ಕು ನಮ್ಮ ಊರುಗಳಲ್ಲಿ ಯಾರೂ ಬಳಸಿದ್ದನ್ನು ನಾನು ನೋಡಿಲ್ಲ. ಆರೋಗ್ಯ ಪಾಲಿಸಿಯ ಸಾರಾಂಶವನ್ನು ಕೆಲವು ಪುಟಗಳ ಮಾಹಿತಿ ಪತ್ರವಾಗಿ ಕಂಪನಿ ಕೊಡಲೇಬೇಕು. 2024ರ ಜನವರಿಯಿಂದ, ನಾವು ಕೇಳಿದರೆ ಅದನ್ನು ನಮ್ಮ ಭಾಷೆಯಲ್ಲೂ ಕೊಡಬೇಕು. ಅಂದರೆ ಕನ್ನಡದಲ್ಲಿ. ಪಾಲಿಸಿ ಕೈಗೆ ಬಂದ ಮೇಲೆ ಓದಿ, ಬೇಡ ಅನ್ನಿಸಿದರೆ 30 ದಿನದೊಳಗೆ ವಾಪಸ್ ಮಾಡಬಹುದು. ಕ್ಲೇಮ್ ತಿರಸ್ಕಾರ ತಪ್ಪು ಅನ್ನಿಸಿದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ವಿಚಾರಿಸಲು ಅಂತಲೇ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಭಾವನ ವಿಷಯದಲ್ಲಿ ನಾನು ಬರೆಯಲಿಲ್ಲ. ಪಟ್ಟಿ ನೋಡಿದ ಮೇಲೆ ನಮ್ಮ ಕಡೆ ನ್ಯಾಯ ಇಲ್ಲ ಅಂತ ಗೊತ್ತಾಗಿತ್ತು.

ಭಾವ ಈಗ ಊರುಗೋಲು ಬಿಟ್ಟಿದ್ದಾರೆ. ಹೋದ ವಾರ ಅಪಘಾತ ವಿಮೆಗೆ ಅರ್ಜಿ ಹಾಕಿದೆವು, ವಾರದ ಭತ್ಯೆಯ ಸಾಲು ಸೇರಿಸಿ. ಅಕ್ಕ ಎಲ್‌ಎಲ್‌ಆರ್ ಮಾಡಿಸಿ ತಾನೇ ಗಾಡಿ ಕಲಿಯುತ್ತೇನೆ ಅನ್ನುತ್ತಿದ್ದಾಳೆ. ಭಾವನಿಗೆ ಆರ್‌ಸಿ ತಮ್ಮ ಹೆಸರಿಗೆ ಬದಲಾಗಬೇಕು. ಬ್ಯಾಂಕಿನ ಕಂತು ಇನ್ನೂ ಐದು ಉಳಿದಿದೆ, ಅದು ತೀರಿ ಎನ್‌ಒಸಿ ಸಿಗುವವರೆಗೆ ಆರ್‌ಟಿಒದಲ್ಲಿ ಹೆಸರು ಬದಲಾಗುವುದಿಲ್ಲ. ಅಲ್ಲಿಯವರೆಗೆ ಕತ್ತಲಾದ ಮೇಲೆ ಜಗಳೂರಿನಿಂದ ಬಸ್ಸಿನಲ್ಲಿ ಬರಬೇಕು ಅಂತ ಅಕ್ಕ ಆಜ್ಞೆ ಹೊರಡಿಸಿದ್ದಾಳೆ.